ಕ್ಯಾಲ್ಕ್ಯುಲೇಟರಿನಲ್ಲಿ ಸೂತ್ರ ಇಡಬೇಕಾ, ಪ್ರೋಗ್ರಾಂ ಬರೆಯಬೇಕಾ?

ಪುಣೆಯಲ್ಲಿ ಮಳೆನೀರಿನ ಚರಂಡಿ, ಪೈಪುಗಳ ಲೆಕ್ಕ ಹಾಕುವುದು ನನ್ನ ಕೆಲಸ. ಸೈಟಿನಲ್ಲಿ ಲ್ಯಾಪ್‌ಟಾಪ್ ಬಿಚ್ಚುವುದಕ್ಕಿಂತ ಜೇಬಿನಿಂದ ಎಚ್‌ಪಿ 35ಎಸ್ ಅನ್ನುವ, ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕ್ಯುಲೇಟರ್ ತೆಗೆಯುವುದು ಸಲೀಸು. ದಿನಾ ಬೇಕಾಗುವುದು ಮ್ಯಾನಿಂಗ್ ಸೂತ್ರ. ಆರ್ ಅಂದರೆ ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗುವ ಅಂಚಿನ ಉದ್ದದಿಂದ ಭಾಗಿಸಿದ್ದು, ಎಸ್ ಅಂದರೆ ಇಳಿಜಾರು, ಎನ್ ಅಂದರೆ ಪೈಪಿನ ಒರಟುತನದ ಅಂಕಿ. ಆರ್‌ನ 2/3 ಘಾತವನ್ನು ಎಸ್‌ನ ವರ್ಗಮೂಲದಿಂದ ಗುಣಿಸಿ ಎನ್‌ನಿಂದ ಭಾಗಿಸಿದರೆ ನೀರಿನ ವೇಗ, ಅಷ್ಟೇ.

ಇದನ್ನೇ ಆರ್‌ಪಿಎನ್ (ಮೊದಲು ಅಂಕಿ, ಆಮೇಲೆ ಕೂಡು-ಗುಣಿಸು ಒತ್ತುವ ಕ್ರಮ) ಪ್ರೋಗ್ರಾಂ ಮಾಡಿ ಇಟ್ಟಿದ್ದೆ. ಒಂದು ದಿನ ಕೋಥ್ರೂಡ್ ಕಡೆಯ ಸೈಟಿನಲ್ಲಿ ಜೊತೆಗಿದ್ದ ಹುಡುಗನ ಕೈಗೆ ಕೊಟ್ಟೆ. 1 ಮೀಟರ್ ವ್ಯಾಸದ ಕಾಂಕ್ರೀಟ್ ಪೈಪು, ಎನ್ 0.013, ಇಳಿಜಾರು 200ಕ್ಕೆ 1. ತುಂಬಿ ಹರಿದರೆ ಆರ್ ಅಂದರೆ ವ್ಯಾಸದ ಕಾಲು ಭಾಗ, ಹಾಗಾಗಿ ಸೆಕೆಂಡಿಗೆ 2.16 ಮೀಟರ್ ಬರಬೇಕು. ಅವನಿಗೆ ಬಂದದ್ದು 0.22. ನಾನು ಇಳಿಜಾರನ್ನು ಶೇಕಡಾದಲ್ಲಿ ಹಾಕಬೇಕು ಅಂತ ಬರೆದಿದ್ದೆ, ಅವನು 0.5ರ ಬದಲು 0.005 ಒತ್ತಿದ್ದ, ಶೇಕಡಾವನ್ನು 100ರಿಂದ ಭಾಗಿಸುವ ಸಾಲು ಸ್ಟ್ಯಾಕ್ (ಅಂಕಿಗಳು ಒಂದರ ಮೇಲೊಂದು ಕೂರುವ ಜಾಗ) ಅದಲು ಬದಲು ಮಾಡುವ ಸಾಲುಗಳ ಮಧ್ಯೆ ಎಲ್ಲೋ ಕೂತಿತ್ತು, ನಾನೇ ಹುಡುಕಲು ಹತ್ತು ನಿಮಿಷ ಬೇಕಾಯಿತು. ವರ್ಗಮೂಲದೊಳಗಿನ 100, ಉತ್ತರದಲ್ಲಿ 10 ಪಟ್ಟು ತಪ್ಪು. ವೇಗ ಕಡಿಮೆ ಬಂದದ್ದರಿಂದ ಈ ಸಲ ತಪ್ಪು ದೊಡ್ಡ ಪೈಪಿನ ಕಡೆಗೆ ಹೋಗಿತ್ತು. ಉಲ್ಟಾ ಆಗಿದ್ದರೆ? 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿದ್ದನ್ನು ಕಂಡ ಊರು ಇದು, ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಪ್ರೋಗ್ರಾಂ ಬದಲು ಸೂತ್ರವನ್ನೇ ಬರೆದ ಹಾಗೇ ಈಕ್ವೇಷನ್ ಆಗಿ ಇಟ್ಟಿದ್ದರೆ, ಎಸ್ ಕೆಳಗಿನ 100 ಕಣ್ಣಿಗೆ ಬೀಳುತ್ತಿತ್ತು. ಇನ್ನೊಂದು ಲಾಭವೂ ಇದೆ. ವೇಗ ಗೊತ್ತಿದ್ದು ಇಳಿಜಾರು ಬೇಕಾದರೆ ಸಾಲ್ವ್ ಕೀ ಒತ್ತಿದರೆ ಸಾಕು, ಸೂತ್ರ ತಿರುಗಿಸಿ ಬರೆಯುವ ಕೆಲಸ ಇಲ್ಲ.

ಹಾಗಂತ ಈಕ್ವೇಷನ್ ಪಟ್ಟಿ ಸುಖದ್ದಲ್ಲ. ಹೆಸರಿಡಲು ಬರುವುದಿಲ್ಲ, ಬೇಕಾದ್ದು ಸಿಗುವವರೆಗೆ ಉರುಳಿಸುತ್ತಾ ಹೋಗಬೇಕು. ಒಂದು ಸಾಲಿಗೆ 14 ಅಕ್ಷರ, ಉದ್ದದ ಸೂತ್ರ ಪರದೆ ದಾಟುತ್ತದೆ. 'ಹೀಗಿದ್ದರೆ ಹಾಗೆ' ಅನ್ನುವ ಕವಲು ಬೇಕಾದರೆ ಪ್ರೋಗ್ರಾಂ ಬೇಕೇ ಬೇಕು.

ಕ್ಯಾಸಿಯೊ ಎಫ್‌ಎಕ್ಸ್-5800ಪಿ ನಡುವಿನ ದಾರಿ ಹಿಡಿದಿದೆ. ಪ್ರೋಗ್ರಾಂ ಸಾಲೇ ಸೂತ್ರದಂತೆ ಕಾಣುತ್ತದೆ, ಓದಲು ಹಿತ. ಆದರೆ ಆ ಸಾಲು ಒಂದೇ ದಿಕ್ಕಿಗೆ ಲೆಕ್ಕ ಮಾಡುತ್ತದೆ. 1988ರ ಎಚ್‌ಪಿ 42ಎಸ್‌ನಲ್ಲಿ ಈಕ್ವೇಷನ್ ಪಟ್ಟಿ ಇಲ್ಲ, ಆದರೆ ವೇರಿಯಬಲ್‌ಗೆ 7 ಅಕ್ಷರದ ಹೆಸರು ಕೊಡಬಹುದು. ಒಂಟಿ 'ಎಸ್' ಬದಲು 'ಸ್ಲೋಪ್' ಅಂತ ಬರೆದರೆ ಓದುವವನಿಗೆ ಎಷ್ಟು ಆರಾಮ! 42ಎಸ್‌ನಂತೆಯೇ ನಡೆಯುವ ಫ್ರೀ42 ಆಪ್ ಹಾಕಿಕೊಂಡರೆ ಫೋನಿನಲ್ಲೇ ನೋಡಬಹುದು, ದುಡ್ಡೂ ಇಲ್ಲ.

ಈಗ ನಾನು 35ಎಸ್‌ನಲ್ಲಿ ಎರಡನ್ನೂ ಬೆರೆಸುತ್ತೇನೆ. ಕೇಳುವುದು, ಕವಲೊಡೆಯುವುದು ಪ್ರೋಗ್ರಾಂ ಕೆಲಸ. ಲೆಕ್ಕ ಮಾತ್ರ ಒಳಗೇ ಈಕ್ವೇಷನ್ ಸಾಲಾಗಿ ಇರುತ್ತದೆ. ಫ್ಲ್ಯಾಗ್ 10 (ಕ್ಯಾಲ್ಕ್ಯುಲೇಟರಿನೊಳಗಿನ ಒಂದು ಆನ್-ಆಫ್ ಗುರುತು) ಹಾಕಿದರೆ ಅಂಥ ಸಾಲು ಲೆಕ್ಕ ಮಾಡದೆ ಸುಮ್ನೆ ಪರದೆ ಮೇಲೆ ಬರುತ್ತದೆ, ಆಮೇಲೆ ಫ್ಲ್ಯಾಗ್ ತೆಗೆಯಲು ಮರೆಯಬೇಡಿ. ಈಗ ನನ್ನ ಪ್ರೋಗ್ರಾಂ ಶುರುವಾದ ಕೂಡಲೇ ಪರದೆ ಮೇಲೆ ಬರುವುದು 'ಸ್ಲೋಪ್ ಶೇಕಡಾದಲ್ಲಿ' ಅನ್ನುವ ಸಾಲು. ಅದನ್ನು ಓದಿದ ಮೇಲೇ ಹುಡುಗರು ಅಂಕಿ ಒತ್ತುತ್ತಾರೆ.