ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್: ಉಳಿಸಿದ್ದೆಷ್ಟು, ಮತ್ತೆ ಕಟ್ಟಿದ್ದೆಷ್ಟು

ಸಿಡ್ನಿಯ ಜಾರ್ಜ್ ಸ್ಟ್ರೀಟಲ್ಲಿರೋ ಈ ಕಟ್ಟಡದ ಬಗ್ಗೆ ಓದೋಕೆ ಮುಂಚೆ ಎರಡು ಪದ ಬಿಡಿಸ್ಕೊಂಡು ಬಿಡಿ, ನಾನು ಬಹಳ ದಿನ ಎರಡೂ ಒಂದೇ ಅನ್ಕೊಂಡಿದ್ದೆ. ಹಳೇ ಕಟ್ಟಡಗಳನ್ನ ಹೆಂಗೆ ಕಾಪಾಡ್ಬೇಕು ಅಂತ ಹೇಳೋ ಆಸ್ಟ್ರೇಲಿಯಾದ ಬುರ್ರಾ ಚಾರ್ಟರ್ (1979) ಪ್ರಕಾರ ರೆಸ್ಟೋರೇಶನ್ ಅಂದ್ರೆ ಆಮೇಲೆ ಸೇರ್ಕೊಂಡಿದ್ದನ್ನ ಕಿತ್ತುಹಾಕಿ, ಇರೋ ತುಂಡುಗಳನ್ನೇ ಜೋಡಿಸಿ ಹಿಂದಿನ ರೂಪಕ್ಕೆ ತರೋದು. ಹೊಸ ಸಾಮಾನು ತಂದು ಕಟ್ಟಿದ್ರೆ ಅದು ರೀಕನ್‌ಸ್ಟ್ರಕ್ಷನ್.

ಈಗ ಕಥೆಗೆ ಬರೋಣ. ಕೆಲಸ ಶುರುವಾಗಿದ್ದು 1893ರಲ್ಲಿ, ಬ್ಯಾಂಕುಗಳು ಮುಳುಗಿ ಜನ ಕೆಲಸ ಇಲ್ದೆ ಒದ್ದಾಡ್ತಿದ್ದ ಕಾಲ, ಹಂಗಾಗಿ ಕಲ್ಲುಕುಟಿಗರು, ಪ್ಲಾಸ್ಟರ್ ಮಾಡೋರು, ಬಣ್ಣದ ಗಾಜಿನೋರು ಎಲ್ರಿಗೂ ಇಲ್ಲಿ ದುಡಿಮೆ ಸಿಕ್ತು. ಆರ್ಕಿಟೆಕ್ಟ್ ಜಾರ್ಜ್ ಮೆಕ್ರೇ ಒಂದೇ ಕಟ್ಟಡಕ್ಕೆ ಗೋಥಿಕ್, ರೆನೆಸಾನ್ಸ್, ಕ್ವೀನ್ ಆನ್, ರೋಮನೆಸ್ಕ್ ಅಂತ ನಾಲ್ಕು ಶೈಲಿಯ ಡಿಸೈನ್ ಕೊಟ್ರು, ಆಯ್ಕೆ ಆಗಿದ್ದು ರೋಮನೆಸ್ಕ್, ಅಂದ್ರೆ ದಪ್ಪ ಗೋಡೆ, ಅರ್ಧವೃತ್ತದ ಕಮಾನುಗಳ ಶೈಲಿ. 1898ರಲ್ಲಿ ಮಾರ್ಕೆಟ್ ಬಿಲ್ಡಿಂಗ್ ಆಗಿ ಓಪನ್ ಆಯ್ತು. ನೆಲಮಾಳಿಗೆಯಲ್ಲಿ ತರಕಾರಿ ಮಾರ್ಕೆಟ್ಟು, ಮೇಲೆ ಟೈಲರ್, ಹೂವಿನ ಅಂಗಡಿ, ಕ್ವಾಂಗ್ ಟಾರ್ಟ್ ಅನ್ನೋ ಚೀನೀ ಮೂಲದ ವ್ಯಾಪಾರಿಯ ಟೀ ರೂಮ್.

ಇಲ್ಲಿ ಬೆಳಕನ್ನ ಗಮನಿಸಿ, ಆರ್ಕೇಡಿನ (ಸೂರಿನ ಕೆಳಗೆ ಎರಡೂ ಕಡೆ ಅಂಗಡಿ ಇರೋ ಓಣಿಯ) ಜೀವ ಇರೋದೇ ಅಲ್ಲಿ. ಉದ್ದಕ್ಕೂ ಗಾಜಿನ ಸೂರು, ಕೆಳಗೆ ನಡುವೆ ಖಾಲಿ ಜಾಗ, ಅದರ ಎರಡೂ ಕಡೆ ಗ್ಯಾಲರಿ, ಆದ್ರಿಂದ ಮೇಲಿಂದ ಬಿದ್ದ ಬಿಸಿಲು ತಡೆ ಇಲ್ದೆ ಕೆಳಗಿನ ಅಂಗಡಿ ತನಕ ಇಳಿಯುತ್ತೆ. ನಡುವಿನ ಗುಮ್ಮಟ ಕೂಡ ಎರಡು ಪದರ, ಒಳಗಡೆ ಗಾಜು, ಹೊರಗಡೆ ತಾಮ್ರ.

ಆದ್ರೆ ಬಾಡಿಗೆ ಸಾಲದೇ ಬಂದಾಗ 1917ರಿಂದ 1930ರ ದಶಕದ ತನಕ ಹಂತ ಹಂತವಾಗಿ ಒಳಗಡೆಯೆಲ್ಲ ಬದಲಾಯಿಸಿದ್ರು, ಜಾಗ ಬೇಕು ಅಂತ ಆ ಖಾಲಿ ನಡುವನ್ನೇ ತುಂಬಿಸಿಬಿಟ್ರು, ಕರೆಂಟ್ ಇಲಾಖೆಯ ಆಫೀಸು ಬಂತು. ನಂಗೆ ಓದ್ವಾಗ ಹೊಟ್ಟೆ ಉರೀತು. 1959ರಲ್ಲಿ ಪೂರ್ತಿ ಕೆಡವೋ ಮಾತೂ ಬಂತು, ಜನ ಬಿಡ್ಲಿಲ್ಲ, 1971ರಲ್ಲಿ ಉಳಿಸೋ ತೀರ್ಮಾನ ಆಯ್ತು. 1983ರಲ್ಲಿ ಮಲೇಷ್ಯಾದ ಇಪೋ ಗಾರ್ಡನ್ ಕಂಪನಿಗೆ 99 ವರ್ಷದ ಲೀಸ್ ಕೊಟ್ಟು, 1986ರಲ್ಲಿ ಮತ್ತೆ ಬಾಗಿಲು ತೆಗೆದ್ರು.

ಈಗ ಆ ಪದಗಳನ್ನ ಹಚ್ಚಿ ನೋಡಿ. ಹೊರಗಿನ ಸ್ಯಾಂಡ್‌ಸ್ಟೋನ್ ಗೋಡೆ ಸರಿಮಾಡಿದ್ದು ರೆಸ್ಟೋರೇಶನ್. ಹಳೇ ಮಾದರಿ ನೋಡ್ಕೊಂಡು ಹೊಸದಾಗಿ ಹಾಕಿದ ನೆಲದ ಟೈಲ್ಸ್ ರೀಕನ್‌ಸ್ಟ್ರಕ್ಷನ್. ಎಸ್ಕಲೇಟರು, ಯಾರ್ಕ್ ಸ್ಟ್ರೀಟ್ ಕೆಳಗಿನ ಕಾರ್ ಪಾರ್ಕಿಂಗ್ ಇವೆಲ್ಲ ಅಡಾಪ್ಟೇಶನ್, ಇಂದಿನ ಬಳಕೆಗೆ ಒಗ್ಗಿಸಿದ್ದು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸ ಅಂದ್ರೆ ಮುಚ್ಚಿದ್ದ ನಡುವನ್ನ ಮತ್ತೆ ಖಾಲಿ ಮಾಡಿದ್ದು, ಬೆಳಕು ವಾಪಸ್ ಬಂತಲ್ಲ.

ಹೊರಗಡೆ ಕೂತಿರೋ ರಾಣಿ ಪ್ರತಿಮೆ ನೋಡಿ ಮಾತ್ರ ಮೋಸ ಹೋಗ್ಬೇಡಿ, ಅದು ಈ ಕಟ್ಟಡದ್ದೇ ಅಲ್ಲ. 1908ರಲ್ಲಿ ಡಬ್ಲಿನ್‌ನ ಲೀನ್ಸ್ಟರ್ ಹೌಸ್ ಮುಂದೆ ನಿಲ್ಲಿಸಿದ್ದು, ಐರ್ಲೆಂಡಿನೋರು 1940ರ ದಶಕದಲ್ಲಿ ಎತ್ತಿಟ್ಟಿದ್ರು, 1987ರಲ್ಲಿ ಇಲ್ಲಿಗೆ ಬಂತು.