ಬೂಟು ಕಡ್ಡಾಯವಾದದ್ದು ಹೇಗೆ?

ಬರಿಗಾಲಿನಲ್ಲಿ ಆಡಲು ಫಿಫಾ ಒಪ್ಪದ ಕಾರಣ ಭಾರತ 1950ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್ ತಪ್ಪಿಸಿಕೊಂಡಿತು ಎಂಬ ಕಥೆ ಪ್ರತಿ ವಿಶ್ವಕಪ್ ಹೊತ್ತಿಗೂ ಮತ್ತೆ ಚಿಗುರುತ್ತದೆ. ಕೇಳಲು ಸೊಗಸು, ನಂಬಲು ಆಧಾರ ಸಾಲದು. ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯವಿಲ್ಲ ಎಂಬುದು ಅಂದು ನಮ್ಮ ಫೆಡರೇಷನ್ ಕೊಟ್ಟ ಕಾರಣ. ಆ ಕಾಲದ ಆಟಗಾರರಿಗೆ ಒಲಿಂಪಿಕ್ಸ್ ಎಂದರೆ ಸರ್ವಸ್ವ, ವಿಶ್ವಕಪ್ ಲೆಕ್ಕಕ್ಕಿರಲಿಲ್ಲ ಎಂದು ಅಂದಿನ ಭಾರತ ತಂಡದ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದುಂಟು.

ಹಾಗೆ ನೋಡಿದರೆ, ಬೂಟು ತೊಡಬೇಕು ಎಂದು ಹೇಳುವ ಮೊದಲು ನಿಯಮ ಹೇಳಿದ್ದು ಬೂಟಿನ ಅಡಿಯಲ್ಲಿ ಏನಿರಬಾರದು ಎಂಬುದನ್ನು. 1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಬರೆದ ಹದಿಮೂರು ನಿಯಮಗಳಲ್ಲಿ ಕೊನೆಯದು ಇದೇ: ಅಟ್ಟೆಯಲ್ಲಾಗಲಿ ಹಿಮ್ಮಡಿಯಲ್ಲಾಗಲಿ ಚಾಚಿಕೊಂಡ ಮೊಳೆ, ಕಬ್ಬಿಣದ ತಗಡು ಇರಕೂಡದು. ಎದುರಾಳಿಯ ಕಾಲಿಗೆ ಒದೆಯುವುದು ಆಟದ ಭಾಗವೆಂದೇ ವಾದಿಸುವವರಿದ್ದ ಕಾಲವದು. ಹೀಗಿರುವಾಗ 1874ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಸ್ಯಾಮ್ ವಿಡೋಸನ್ ಕ್ರಿಕೆಟ್ ಪ್ಯಾಡನ್ನೇ ಕತ್ತರಿಸಿ ಗಿಡ್ಡ ಮಾಡಿ, ಸಾಕ್ಸ್ ಮೇಲೆ ಕಟ್ಟಿಕೊಂಡು ಮೈದಾನಕ್ಕಿಳಿದರು. ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗವನ್ನು ಕಾಯುವ ಇಂದಿನ ಶಿನ್‌ಗಾರ್ಡಿನ ಮೂಲ ಅದು.

ಭಾರತದ ದಾರಿಯೇ ಬೇರೆ. 1911ರಲ್ಲಿ ಐಎಫ್‌ಎ ಶೀಲ್ಡ್ ಪಂದ್ಯಾವಳಿಯ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಮಣಿಸಿದ ಕಲ್ಕತ್ತಾದ ಮೋಹನ್ ಬಾಗಾನ್ ತಂಡದಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ. ಬೂಟು ದುಬಾರಿ ಎಂಬುದೊಂದೇ ಕಾರಣವಲ್ಲ. ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಸಿಗುವ ಹಿಡಿತ, ಥಟ್ಟನೆ ತಿರುಗುವ ಚುರುಕು ಬೂಟಿನ ಭಾರದಲ್ಲಿ ಸಿಗುತ್ತಿರಲಿಲ್ಲ. ಮಳೆ ಬಿದ್ದು ಮೈದಾನ ಕೆಸರಾದರೆ ಮಾತ್ರ ಈ ಲೆಕ್ಕಾಚಾರವೆಲ್ಲ ತಲೆಕೆಳಗು. 1934ರಿಂದ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಇದನ್ನು ಬೇಗ ಅರಿತುಕೊಂಡಿತ್ತು. ಒದ್ದೆ ನೆಲವಾದರೆ ಅವರ ಆಟಗಾರರು ಬೂಟು ತೊಡುತ್ತಿದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಪಾದಕ್ಕೆ ಪಟ್ಟಿ ಸುತ್ತಿಕೊಂಡು ಫ್ರಾನ್ಸ್ ಎದುರು ಆಡಿದರು. ಮೈಸೂರು ತಂಡದ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಭಾರತ ಸೋತದ್ದು 1–2ರಿಂದ, ಅದೂ ಸಿಕ್ಕ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ. ಆ ಸೋಲನ್ನು ಬರಿಗಾಲಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯ ಚಳಿಯಲ್ಲಿ ಕಥೆ ಬೇರೆಯಾಯಿತು. ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಪರ ಬಂದ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಪೆಟ್ಟಿನ ನಂತರ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್‌ನಲ್ಲಿ, ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್‌ನಿಂದ ಆಸ್ಟ್ರೇಲಿಯಾವನ್ನು ಸೋಲಿಸಿದ ಭಾರತ ನಾಲ್ಕನೇ ಸ್ಥಾನಕ್ಕೇರಿತು. ಅದಷ್ಟೂ ಬೂಟಿನ ಮಹಿಮೆ ಎನ್ನಲಾಗದು, ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರ ಪಾಲು ದೊಡ್ಡದು.

ಈಗಿನ ಫುಟ್‌ಬಾಲ್ ನಿಯಮಾವಳಿಯ ನಾಲ್ಕನೇ ನಿಯಮದ ಪ್ರಕಾರ ಆಟಗಾರನಿಗೆ ಬೇಕಾದದ್ದು ಐದೇ: ತೋಳಿರುವ ಜೆರ್ಸಿ, ಚಡ್ಡಿ, ಸಾಕ್ಸ್, ಸಾಕ್ಸ್ ಒಳಗೆ ಶಿನ್‌ಗಾರ್ಡ್, ಕಾಲಿಗೆ ಬೂಟು. ಉಂಗುರ, ಸರಗಳನ್ನು ಕಳಚಿಡಬೇಕು. ಟೇಪ್ ಸುತ್ತಿ ಮುಚ್ಚಿದರೂ ರೆಫರಿ ಒಪ್ಪುವಂತಿಲ್ಲ. ಆದರೂ ಬರಿಗಾಲಿಗೆ ಒಂದು ಸಣ್ಣ ಸಂದು ಉಳಿದಿದೆ. ಓಡುವಾಗ ಬೂಟು ಕಳಚಿ ಬಿದ್ದರೆ, ಚೆಂಡು ಮುಂದಿನ ಸಲ ಆಟದಿಂದ ಹೊರಹೋಗುವಷ್ಟರಲ್ಲಿ ಹಾಕಿಕೊಂಡರೆ ಸಾಕು. ಅದಕ್ಕೆ ಮೊದಲೇ ಆ ಆಟಗಾರ ಗೋಲು ಹೊಡೆದರೆ ಅದು ಗೋಲೇ.