ಐದೂವರೆ ಗಂಟೆಯ ತಪ್ಪು

ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಮಿಂಟ್ ಎಂಬ ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನೂ ಇಟ್ಟುಕೊಂಡಿದ್ದಾರೆ. ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಅವರು ಮಿಂಟ್ ತೆರೆದರೆ ಪರದೆಯ ಮೂಲೆಯ ಗಡಿಯಾರ ರಾತ್ರಿ ಎಂಟೂವರೆ ಎನ್ನುತ್ತಿತ್ತು. ವೈಫೈ ಸಿಕ್ಕ ಮೇಲೆ ಅದು ತಾನಾಗಿಯೇ ಸರಿಹೋಯಿತು. ಸ್ವಲ್ಪ ಹೊತ್ತು ಕೆಲಸ ಮಾಡಿ, ನಾಲ್ಕು ಗಂಟೆಗೆ ವಿಂಡೋಸ್‌ಗೆ ಹೋದರೆ ಅಲ್ಲಿನ್ನೂ ಬೆಳಗಿನ ಹತ್ತೂವರೆ. “ವೈರಸ್ ಬಂದಿರಬೇಕು, ಎಲ್ಲ ಅಳಿಸಿ ಹೊಸದಾಗಿ ಹಾಕಿಬಿಡೋಣವೇ?” ಎಂದು ಅವರು ನನ್ನನ್ನು ಕೇಳಿದರು.

ಏನೇ ಕೆಟ್ಟರೂ ಅಳಿಸಿ ಹೊಸದಾಗಿ ಹಾಕುವ ಈ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಕಾರಣ ಹುಡುಕುವುದೂ ಒಂದು ದಾರಿ ಎಂಬುದೇ ಅನೇಕರಿಗೆ ಹೊಳೆಯುವುದಿಲ್ಲ. ಲಿನಕ್ಸ್‌ನಂಥ ಮುಕ್ತ ವ್ಯವಸ್ಥೆಯನ್ನು ದಿನವೂ ಬಳಸುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ತಪ್ಪು ಎಷ್ಟಿದೆ ಎಂದು ಅಳೆಯಿರಿ. ಮೇಷ್ಟ್ರ ಗಡಿಯಾರ ಒಂದು ಕಡೆ ಐದೂವರೆ ಗಂಟೆ ಮುಂದಿತ್ತು, ಇನ್ನೊಂದು ಕಡೆ ಐದೂವರೆ ಗಂಟೆ ಹಿಂದಿತ್ತು. ಭಾರತದಲ್ಲಿ ಕುಳಿತವರಿಗೆ ಈ ಅಂಕಿಯ ಪರಿಚಯ ಚೆನ್ನಾಗಿಯೇ ಇದೆ. ನಮ್ಮ ಅಧಿಕೃತ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದ್ದು, ಜಾಗತಿಕ ಸಮಯಕ್ಕಿಂತ ಸರಿಯಾಗಿ 5 ಗಂಟೆ 30 ನಿಮಿಷ ಮುಂದಿದೆ. ವೈರಸ್ಸಿನ ಹಾವಳಿಯಾಗಿದ್ದರೆ ತಪ್ಪು ಇಷ್ಟು ಕರಾರುವಾಕ್ಕಾಗಿ ಇರುತ್ತಿರಲಿಲ್ಲ.

ಕಂಪ್ಯೂಟರನ್ನು ಆರಿಸಿದ ಮೇಲೂ ಅದರೊಳಗೆ ಒಂದು ಸಣ್ಣ ಗಡಿಯಾರ ನಡೆಯುತ್ತಲೇ ಇರುತ್ತದೆ. ರಿಪೇರಿ ಅಂಗಡಿಯವರು ಸಿಮಾಸ್ ಬ್ಯಾಟರಿ ಎಂದು ಕರೆಯುವ, ನಾಣ್ಯದಾಕಾರದ 3 ವೋಲ್ಟಿನ ಸೆಲ್ ಸಾಮಾನ್ಯವಾಗಿ ಅದಕ್ಕೆ ಶಕ್ತಿ ಕೊಡುತ್ತದೆ. ಗಡಿಯಾರದ ಎದೆಬಡಿತ ಒಂದು ಕ್ವಾರ್ಟ್ಜ್ ಹರಳಿನದು. ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಕಂಡು ಮೇಷ್ಟ್ರು ಹಿಗ್ಗಿದರು, ಏಕೆಂದರೆ ಅದು 2ರ 15ನೇ ಘಾತ. ಹದಿನೈದು ಬಾರಿ ಅರ್ಧ ಮಾಡುತ್ತ ಬಂದರೆ ಸೆಕೆಂಡಿಗೆ ಒಂದೇ ಮಿಡಿತ ಉಳಿಯುತ್ತದೆ, ಮತ್ತು ಅರ್ಧ ಮಾಡುವುದು ವಿದ್ಯುನ್ಮಂಡಲಗಳಿಗೆ ಅತಿ ಸುಲಭದ ಕೆಲಸ. ನಮ್ಮ ಕೈಗಡಿಯಾರದಲ್ಲೂ ಗೋಡೆ ಗಡಿಯಾರದಲ್ಲೂ ಇರುವುದು ಸಾಮಾನ್ಯವಾಗಿ ಇದೇ ಬಗೆಯ ಹರಳು. ಅದರ ಕಂಪನ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆಯಾದರೂ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡಿನಷ್ಟು ವ್ಯತ್ಯಾಸ ಬೀಳುತ್ತದೆ. ಹಾಗಾಗಿ ಗಡಿಯಾರ ಒಂದೆರಡು ನಿಮಿಷ ಮಾತ್ರ ತಪ್ಪಿದ್ದರೆ, ಅದು ಬಹಳ ದಿನದಿಂದ ಇಂಟರ್ನೆಟ್ಟಿನ ಸಮಯದೊಂದಿಗೆ ತನ್ನನ್ನು ಸರಿಹೊಂದಿಸಿಕೊಂಡಿಲ್ಲ ಎಂದರ್ಥ.

ಐದೂವರೆ ಗಂಟೆಯ ತಪ್ಪಿಗೆ ಹರಳು ಕಾರಣವಲ್ಲ. 1984ರಲ್ಲಿ ಐಬಿಎಂ ಕಂಪನಿಯ ಪಿಸಿ ಎಟಿ ಎಂಬ ಮಾದರಿ ಬಂದಾಗ ಅದರಲ್ಲಿ ಇಂಥ ಗಡಿಯಾರದ ಚಿಪ್ ಇತ್ತು. ಆ ಚಿಪ್ಪಿನಲ್ಲಿ ವರ್ಷ, ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡುಗಳನ್ನು ಬರೆದಿಡಲು ಜಾಗವಿತ್ತು, ಆದರೆ ಅದು ಯಾವ ದೇಶದ ಸಮಯ ಎಂದು ಬರೆಯಲು ಜಾಗವಿರಲಿಲ್ಲ. ಆಗಿನ ಡಾಸ್ ವ್ಯವಸ್ಥೆಗೆ ಕಾಲವಲಯದ ಕಲ್ಪನೆಯೇ ಇರದಿದ್ದ ಕಾರಣ, ಬಳಸುವವರ ಊರಿನ ಸಮಯವನ್ನೇ ಅದರಲ್ಲಿ ಬರೆಯುವ ಪದ್ಧತಿ ಬೆಳೆಯಿತು. ವಿಂಡೋಸ್ ಇಂದಿಗೂ ಅದನ್ನೇ ಮುಂದುವರಿಸಿದೆ. ಯುನಿಕ್ಸ್ ಪರಂಪರೆಯ ಲಿನಕ್ಸ್ ಮಾತ್ರ 1970ರ ಜನವರಿ 1ರ ಜಾಗತಿಕ ಸಮಯದಿಂದ ಸೆಕೆಂಡುಗಳನ್ನು ಎಣಿಸುತ್ತ, ಚಿಪ್ಪಿನಲ್ಲೂ ಜಾಗತಿಕ ಸಮಯವೇ ಇದೆ ಎಂದು ನಂಬಿ, ನಮಗೆ ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸುತ್ತದೆ. ವಿಂಡೋಸ್ ಚಿಪ್ಪಿನಲ್ಲಿ ಮೂರು ಗಂಟೆ ಎಂದು ಬರೆದಿದ್ದನ್ನು ಓದಿದ ಮಿಂಟ್ ಅದಕ್ಕೆ ಐದೂವರೆ ಸೇರಿಸಿ ರಾತ್ರಿ ಎಂಟೂವರೆ ಮಾಡಿತು. ಬಳಿಕ ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಸಿಕ್ಕಾಗ, ಲಿನಕ್ಸ್‌ನ ತಿರುಳಾದ ಕರ್ನಲ್ ಸುಮಾರು ಹನ್ನೊಂದು ನಿಮಿಷಕ್ಕೊಮ್ಮೆ ಜಾಗತಿಕ ಸಮಯವನ್ನು ಚಿಪ್ಪಿಗೆ ಬರೆಯತೊಡಗಿತು. ಅದನ್ನು ವಿಂಡೋಸ್ ನಮ್ಮ ಊರಿನ ಸಮಯವೆಂದು ಓದಿ ಬೆಳಗಿನ ಹತ್ತೂವರೆ ಎಂದಿತು. ಗಡಿಯಾರ ಕೆಟ್ಟಿರಲೇ ಇಲ್ಲ. ಒಂದೇ ಬರಹವನ್ನು ಇಬ್ಬರು ಎರಡು ರೀತಿಯಲ್ಲಿ ಓದುತ್ತಿದ್ದರು, ಅಷ್ಟೆ.

ಇದನ್ನು ನಂಬಿಕೆಯ ಮೇಲೆ ಒಪ್ಪಬೇಕಿಲ್ಲ. ಕಮಾಂಡುಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್ (timedatectl) ಎಂಬ ಕಮಾಂಡ್ ಕೊಟ್ಟರೆ ಏಳು ಸಾಲುಗಳು ಬರುತ್ತವೆ: ಊರಿನ ಸಮಯ, ಜಾಗತಿಕ ಸಮಯ, ಚಿಪ್ಪಿನ ಸಮಯ, ಕಾಲವಲಯ, ಸಮಯ ಇಂಟರ್ನೆಟ್ಟಿಗೆ ಹೊಂದಿದೆಯೇ, ಹೊಂದಿಸುವ ಸೇವೆ ನಡೆಯುತ್ತಿದೆಯೇ, ಚಿಪ್ಪಿನಲ್ಲಿರುವುದು ಊರಿನ ಸಮಯವೇ. ಕಾಲವಲಯದ ಸಾಲಿನಲ್ಲಿ ಬೆಂಗಳೂರಿನ ಬದಲು ಏಷ್ಯಾ/ಕೋಲ್ಕತ್ತಾ ಎಂದಿರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಇಡೀ ಭಾರತಕ್ಕೆ ಅದೇ ಹೆಸರು. ಆ ಹೆಸರಿನ ಹಿಂದಿರುವ ದತ್ತಾಂಶದಲ್ಲಿ ನಮ್ಮ ಇತಿಹಾಸವೂ ಅಡಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಗಿತ್ತು, ಆದ್ದರಿಂದ 1943ರ ಯಾವುದೇ ದಿನವನ್ನು ಕೇಳಿದರೆ ವ್ಯವಸ್ಥೆ ಐದೂವರೆಯ ಬದಲು ಆರೂವರೆ ಗಂಟೆಯ ಅಂತರವನ್ನು ಲೆಕ್ಕ ಹಾಕುತ್ತದೆ.

ಪರಿಹಾರ ಎರಡು ಬಗೆಯದು. ಅದೇ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಸೇರಿಸಿದರೆ ಲಿನಕ್ಸ್ ಕೂಡ ಚಿಪ್ಪಿನಲ್ಲಿ ಊರಿನ ಸಮಯವನ್ನೇ ಇಡುತ್ತದೆ. ಹಾಗೆ ಮಾಡಿದಾಗ ವ್ಯವಸ್ಥೆಯೇ ಎಚ್ಚರಿಕೆಯ ಮಾತೊಂದನ್ನು ತೋರಿಸುತ್ತದೆ, ಏಕೆಂದರೆ ಬೇಸಿಗೆ ಮತ್ತು ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಚಿಪ್ಪನ್ನು ಯಾರು ತಿದ್ದಬೇಕು ಎಂಬ ಗೊಂದಲ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಆ ಪದ್ಧತಿಯಿಲ್ಲದ್ದರಿಂದ ಮೇಷ್ಟ್ರಿಗೆ ಇಷ್ಟೇ ಸಾಕಾಯಿತು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗರು ಮಾತ್ರ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ಕಾಲವಲಯದ ವಿಭಾಗದಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಬೆಲೆಯನ್ನು 1 ಎಂದು ಸೇರಿಸಿ, ವಿಂಡೋಸನ್ನೇ ಜಾಗತಿಕ ಸಮಯಕ್ಕೆ ಒಗ್ಗಿಸುವುದು ಮೇಲು. ಎರಡನ್ನೂ ಒಟ್ಟಿಗೆ ಮಾಡಬಾರದು. ಮಾಡಿದರೆ ಅದೇ ತಪ್ಪು ತಿರುವುಮುರುವಾಗಿ ಮರಳಿ ಬರುತ್ತದೆ.

ತಪ್ಪು ಗಂಟೆಗಳದ್ದಾಗಿರದೆ ದಿನಗಳದ್ದೋ ವರ್ಷಗಳದ್ದೋ ಆಗಿದ್ದರೆ ಅನುಮಾನ ಸೆಲ್ಲಿನ ಮೇಲೆ ಹೋಗಬೇಕು. ಸೆಲ್ ಸತ್ತರೆ ಚಿಪ್ ಹಳೆಯದೊಂದು ತಾರೀಖಿಗೆ ಜಾರುತ್ತದೆ. ಅನೇಕ ಲಿನಕ್ಸ್ ವಿತರಣೆಗಳಲ್ಲಿ, ಅಂದರೆ ಮಿಂಟ್‌ನಂತೆ ಸಿದ್ಧವಾಗಿ ಸಿಗುವ ಲಿನಕ್ಸ್ ರೂಪಗಳಲ್ಲಿ, ಸಮಯ ಹೊಂದಿಸುವ ಸೇವೆಯು ಕೊನೆಯ ಬಾರಿ ಕಂಡ ಸಮಯವನ್ನು ಡಿಸ್ಕಿನಲ್ಲಿ ಗುರುತು ಹಾಕಿಟ್ಟುಕೊಂಡು, ಮುಂದಿನ ಸಲ ಅದಕ್ಕಿಂತ ಹಿಂದಕ್ಕೆ ಹೋಗದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಗಡಿಯಾರವು ಕಂಪ್ಯೂಟರನ್ನು ಕೊನೆಯ ಸಲ ಬಳಸಿದ ದಿನದಲ್ಲೇ ನಿಂತಂತೆ ಕಾಣಬಹುದು. ಇಂಟರ್ನೆಟ್ ಇದ್ದರೆ ಅದು ಬೇಗ ಸರಿಹೋಗುತ್ತದೆ, ಆದರೆ ಸಮಯದ ಸಂದೇಶಗಳು ಓಡಾಡುವ 123ನೇ ಪೋರ್ಟನ್ನು ಮುಚ್ಚಿಟ್ಟಿರುವ ಕಚೇರಿ, ಕಾಲೇಜುಗಳ ಜಾಲದಲ್ಲಿ ಸರಿಹೋಗುವುದಿಲ್ಲ. ಅಂಥ ಒಂದು ಕಡೆ ವಿದ್ಯಾರ್ಥಿನಿಯೊಬ್ಬಳ ಕಂಪ್ಯೂಟರಿನ ಉಬುಂಟು ಎಂಬ ಲಿನಕ್ಸ್ ವಿತರಣೆಯು ತಂತ್ರಾಂಶ ನವೀಕರಣವನ್ನು ನಿರಾಕರಿಸುತ್ತಿತ್ತು. ಸರ್ವರ್ ಕೆಟ್ಟಿದೆ ಎಂದು ಆಕೆ ವಾರವಿಡೀ ಕಾದಿದ್ದಳು. ಪರದೆಯ ಸಂದೇಶವನ್ನು ನಿಧಾನವಾಗಿ ಓದಿದರೆ, ಸರ್ವರ್ ಕಳಿಸಿದ ತಂತ್ರಾಂಶಗಳ ಪಟ್ಟಿಯ ಫೈಲ್ ಇನ್ನೂ ಊರ್ಜಿತವಾಗಿಲ್ಲ, ಅದಕ್ಕೆ ಇನ್ನೂ 11 ದಿನ 4 ಗಂಟೆ ಇದೆ ಎಂದು ಅಲ್ಲೇ ಬರೆದಿತ್ತು. ಆಕೆಯ ಗಡಿಯಾರ ಕನಿಷ್ಠ ಅಷ್ಟು ಹಿಂದಿದೆ ಎಂಬುದನ್ನು ಯಂತ್ರವೇ ನಿಮಿಷದ ಲೆಕ್ಕದಲ್ಲಿ ಹೇಳುತ್ತಿತ್ತು. ಬ್ರೌಸರ್ ಸುರಕ್ಷಿತ ತಾಣಗಳ ಮೇಲೂ ಅನುಮಾನ ಪಡತೊಡಗಿದರೆ ಮೊದಲು ತಾರೀಖನ್ನು ನೋಡಬೇಕಾದ್ದು ಇದಕ್ಕಾಗಿಯೇ, ಏಕೆಂದರೆ ತಾಣಗಳ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರಗಳಿಗೂ ಆರಂಭದ ದಿನ ಮತ್ತು ಮುಗಿಯುವ ದಿನ ಇರುತ್ತವೆ.

ಡಿಸ್ಕ್ ತುಂಬಿದೆ ಎಂಬ ದೂರಿಗೂ ಇದೇ ಅಳತೆಯ ದಾರಿ ಒಪ್ಪುತ್ತದೆ. ಕಸದ ಬುಟ್ಟಿಯನ್ನು ಬರಿದು ಮಾಡಿದ ಮೇಲೂ ಜಾಗ ಸಿಗದಿದ್ದರೆ ಎರಡು ಕಮಾಂಡುಗಳ ಉತ್ತರವನ್ನು ಹೋಲಿಸಿ ನೋಡಬೇಕು. ಡಿಎಫ್ ಎಂಬುದು ಡಿಸ್ಕಿನ ಒಟ್ಟು ಲೆಕ್ಕವನ್ನು ಕೇಳಿ ಹೇಳುತ್ತದೆ. ಡಿಯು ಎಂಬುದು ಒಂದೊಂದೇ ಫೋಲ್ಡರ್ ಹೊಕ್ಕು ಫೈಲುಗಳನ್ನು ಕೂಡುತ್ತದೆ. ಇಡೀ ಡಿಸ್ಕನ್ನು ಅಳೆದರೂ ಮೊದಲನೆಯದು ಎರಡನೆಯದಕ್ಕಿಂತ ಬಹಳ ಹೆಚ್ಚು ತೋರಿಸಿದರೆ, ಹೆಸರು ಅಳಿದುಹೋದರೂ ಜಾಗ ಬಿಡದ ಫೈಲೊಂದು ಅಲ್ಲಿರಬಹುದು. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಒಡಲು ಬೇರೆ. ನಾವು ಅಳಿಸುವುದು ಹೆಸರನ್ನು. ಯಾವುದಾದರೂ ತಂತ್ರಾಂಶ ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೂ ಒಡಲು ಡಿಸ್ಕಿನಲ್ಲೇ ಉಳಿಯುತ್ತದೆ. ಆ ತಂತ್ರಾಂಶವನ್ನು ಮುಚ್ಚಿದರೆ, ಯಾವುದೆಂದು ತಿಳಿಯದಿದ್ದರೆ ಕಂಪ್ಯೂಟರನ್ನೇ ಒಮ್ಮೆ ಆರಿಸಿ ಹಚ್ಚಿದರೆ, ಜಾಗ ಮರಳುತ್ತದೆ. ಇನ್ನೊಂದು ಅಂತರ ಡಿಎಫ್ ಉತ್ತರದ ಒಳಗೇ ಇರುತ್ತದೆ: ಬಳಸಿದ್ದು ಮತ್ತು ಉಳಿದದ್ದು ಎರಡನ್ನೂ ಕೂಡಿದರೂ ಒಟ್ಟು ಮೊತ್ತ ಬರುವುದಿಲ್ಲ. ಲಿನಕ್ಸ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನಗಳಲ್ಲೊಂದಾದ ಇಎಕ್ಸ್‌ಟಿ4 ಮಾದರಿಯ ಡಿಸ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ಆಡಳಿತದ ಖಾತೆಗೆ ಕಾದಿಟ್ಟಿರುತ್ತಾರೆ, ಅಂದರೆ 500 ಜಿಬಿಯಲ್ಲಿ ಸುಮಾರು 25 ಜಿಬಿ. ಅದು ಕಳುವಾದ ಜಾಗವಲ್ಲ.

ಗಿಗಾಬೈಟುಗಳು ಉಳಿದಿದ್ದರೂ ಜಾಗವಿಲ್ಲ ಎಂಬ ಸಂದೇಶ ಬರುವುದು ಎಲ್ಲಕ್ಕಿಂತ ವಿಚಿತ್ರ. ನನ್ನದೇ ಯಂತ್ರದಲ್ಲಿ ಇದಾದಾಗ ನಾನು ಅರ್ಧ ದಿನ ಕಳೆದೆ. ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ನಮೂದು ಬೇಕು, ಮತ್ತು ಡಿಸ್ಕನ್ನು ಸಿದ್ಧಪಡಿಸುವಾಗಲೇ ಸಾಮಾನ್ಯವಾಗಿ 16 ಕಿಲೋಬೈಟಿಗೆ ಒಂದರಂತೆ ಅವುಗಳ ಸಂಖ್ಯೆ ನಿಗದಿಯಾಗುತ್ತದೆ. ಡಿಸ್ಕಿನ ಒಂದು ಭಾಗವಾದ ನನ್ನ 20 ಜಿಬಿಯ ಪಾರ್ಟಿಷನ್ನಿಗೆ ಸಿಕ್ಕಿದ್ದು ಸುಮಾರು 13 ಲಕ್ಷ. ಡಿಎಫ್ ಕಮಾಂಡಿಗೆ ಮೈನಸ್ ಐ ಸೇರಿಸಿದಾಗ ಆ 13 ಲಕ್ಷವೂ ಮುಗಿದಿರುವುದು ಕಂಡಿತು. ಪ್ರತಿ ಕರ್ನಲ್ ನವೀಕರಣದ ಜೊತೆಗೆ ಬರುವ ಹೆಡರ್ ಪ್ಯಾಕೇಜುಗಳಲ್ಲಿ ಸಾವಿರಾರು ಸಣ್ಣ ಫೈಲುಗಳಿರುತ್ತವೆ. ನಾನು ವರ್ಷಗಟ್ಟಲೆ ಹಳೆಯವನ್ನು ತೆಗೆದೇ ಇರಲಿಲ್ಲ. ಅವುಗಳನ್ನು ಫೋಲ್ಡರಿಗೆ ಹೋಗಿ ಕೈಯಾರೆ ಅಳಿಸಬಾರದು, ಪ್ಯಾಕೇಜುಗಳ ಲೆಕ್ಕವೇ ಕೆಡುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಆಪ್ಟ್ ಕಮಾಂಡಿನ ಆಟೋರಿಮೂವ್ ಆ ಕೆಲಸ ಮಾಡುತ್ತದೆ. ಹೊಸ ಕರ್ನಲ್‌ನಲ್ಲಿ ವೈಫೈಯೋ ಪರದೆಯೋ ಕೈಕೊಟ್ಟ ದಿನ ಹಿಂದಿನದರಿಂದ ಬೂಟ್ ಆಗಲು ಸಾಧ್ಯವಾಗಬೇಕು, ಆದ್ದರಿಂದ ಆ ಕಮಾಂಡ್ ತೆಗೆಯುವ ಮುನ್ನ ತೋರಿಸುವ ಪಟ್ಟಿಯನ್ನು ಓದಿ, ಈಗ ನಡೆಯುತ್ತಿರುವ ಕರ್ನಲ್ ಮತ್ತು ಅದರ ಹಿಂದಿನದೊಂದು ಉಳಿಯುತ್ತವೆ ಎಂಬುದನ್ನು ನೋಡಿಕೊಂಡೇ ಒಪ್ಪಿಗೆ ಕೊಡಬೇಕು.